ಐದನೆಯ ಸೀಸೆ

ಮೂಡಲಗಿ
12 ಜೂನ್ 2006

ತೇಜಸ ಅವರಿಗೆ,

ನಿಮ್ಮ ಕ್ಷೇಮ ಕೇಳಲು ಈ ಪತ್ರ ಬರೆಯುತ್ತಿಲ್ಲ. ಎರಡು ವರ್ಷಗಳ ಹಿಂದೆ ವಿಶ್ವವಿದ್ಯಾಲಯದಲ್ಲಿ ನಿಮ್ಮ ಜೊತೆ ಒಂದೇ ಲ್ಯಾಬಿನಲ್ಲಿ, ಒಬ್ಬರೇ ಗೈಡ್ ಕೈಕೆಳಗೆ ಕೆಲಸ ಮಾಡಿದ ಶೀತಲ್ ಎಂಬ ಹುಡುಗಿ ನಿಮಗೆ ಮರೆತಿರಲಿಕ್ಕಿಲ್ಲ. ಮರೆತಿದ್ದರೆ, ಕಳೆದ ತಿಂಗಳು ಜರ್ನಲ್ಲಿನಲ್ಲಿ ಅಚ್ಚಾದ ನಿಮ್ಮ ಪ್ರಬಂಧದ ಮೂರನೆಯ ಚಿತ್ರವನ್ನು ತೆಗೆದು ನೋಡಿ.

ನಾನೀಗ ಮೂಡಲಗಿಯ ಒಂದು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುತ್ತೇನೆ. ಮಕ್ಕಳ ಫಲಿತಾಂಶ ತೆಗೆಸಲು ಗೋಕಾಕದ ಸೈಬರ್ ಕೆಫೆಗೆ ಹೋದಾಗ ಸುಮ್ಮನೆ ಹುಡುಕಿದೆ. ಕರೆಂಟನ್ನು ಕೂಡಿಡುವ ಸಾಧನಗಳಿಗಾಗಿ ಕೋಬಾಲ್ಟ್ ಆಕ್ಸೈಡಿನ ಟೊಳ್ಳು ಗೋಲಿಗಳು ಎಂಬ ಶೀರ್ಷಿಕೆ ಕಂಡಿತು. ಕೆಳಗೆ ಎರಡೇ ಹೆಸರು: ತೇಜಸ ಮಗದುಮ್, ನಮ್ಮ ಗೈಡ್ ಕೇದಾರಿ ಸರ್.

ಸಕ್ಕರೆ ನೀರನ್ನು ಉಕ್ಕಿನ ಡಬ್ಬಿಯಲ್ಲಿ ಬಿಗಿದು ಕಾಯಿಸಿ, ಕೂದಲೆಳೆಯ ನೂರನೆಯ ಪಾಲಿನಷ್ಟು ಸಣ್ಣ ಇದ್ದಿಲ ಗೋಲಿಗಳನ್ನು ಮಾಡಿದವರು ಯಾರು? ಅವನ್ನು ಗುಲಾಬಿ ಬಣ್ಣದ ಕೋಬಾಲ್ಟ್ ನೀರಿನಲ್ಲಿ ನೆನೆಹಾಕಿ, ಭಟ್ಟಿಯಲ್ಲಿಟ್ಟು, ಒಳಗಿನ ಇದ್ದಿಲು ಉರಿದುಹೋಗಿ ಹೊರಗಿನ ಸಿಪ್ಪೆಯಷ್ಟೇ ಉಳಿಯುವಂತೆ ಮಾಡಿದವರು ಯಾರು? ಮೂರನೆಯ ಚಿತ್ರದಲ್ಲಿ ಒಂದು ಗೋಲಿ ಒಡೆದು ಬಾಯಿ ತೆರೆದಿದೆ. 2004ರ ಫೆಬ್ರವರಿಯಲ್ಲಿ ಮೈಕ್ರೋಸ್ಕೋಪಿನ ಪರದೆಯ ಮುಂದೆ ನಾವಿಬ್ಬರೂ ಕೂತಿದ್ದೆವು. "ಶೀತಲ್, ಒಳಗ ಖಾಲಿ ಐತಿ ನೋಡ" ಎಂದು ಮೊದಲು ಹೇಳಿದವರು ನೀವೇ. ಆ ಪುಡಿಯ ಗುರುತು ಶೀ-17. ಶೀ ಎಂದರೆ ಯಾರು ಎಂದು ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ತಿಂಗಳು ಕಾಯುತ್ತೇನೆ. ಅಷ್ಟರೊಳಗೆ ನೀವೇ ಜರ್ನಲ್ಲಿಗೆ ಬರೆದು ತಪ್ಪು ತಿದ್ದಿಸಿ. ಇಲ್ಲವಾದರೆ ನಾನು ಬರೆಯುತ್ತೇನೆ. ನನ್ನ ನೋಟ್‌ಬುಕ್ ನಿಮ್ಮ ಬಳಿ ಇದೆ, ಅದನ್ನು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿ.

ಶೀತಲ್ ಯಲ್ಲಾರಿ


ಹುಕ್ಕೇರಿ
24 ಜೂನ್ 2006

ಶೀತಲ್ ಅವರಿಗೆ,

ನಿಮ್ಮ ಹೆಸರು ಪ್ರಬಂಧದ ಕೊನೆಯಲ್ಲಿ, ಧನ್ಯವಾದದ ಸಾಲಿನಲ್ಲಿದೆ. ಅಲ್ಲಿಯವರೆಗೆ ಓದುವ ತಾಳ್ಮೆ ನಿಮಗೆ ಇರಲಿಲ್ಲವೇನೋ.

ಪುಡಿ ಮಾಡಿಟ್ಟ ಮಾತ್ರಕ್ಕೆ ಸಂಶೋಧನೆ ಆಗುವುದಿಲ್ಲ. ಆ ಪುಡಿಯನ್ನು ನಿಕ್ಕಲ್ ಜಾಳಿಗೆಗೆ ಮೆತ್ತಿ, ಸಾವಿರ ಸಲ ಚಾರ್ಜ್ ಮಾಡಿ, ಸಾವಿರ ಸಲ ಖಾಲಿ ಮಾಡಿ, ಪ್ರತಿ ಸಲ ಎಷ್ಟು ಹಿಡಿಯಿತು, ಎಷ್ಟು ತಿರುಗಿ ಕೊಟ್ಟಿತು ಎಂದು ಅಳೆದವನು ನಾನು. ಗೋಲಿ ಟೊಳ್ಳಾಗಿದ್ದರಿಂದ ದ್ರಾವಣ ಒಳಗೂ ಹೊರಗೂ ತಾಗುತ್ತದೆ, ಅದಕ್ಕೇ ಅಷ್ಟು ಕರೆಂಟ್ ಹಿಡಿಯುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದವನೂ ನಾನೇ. ಎಂಟು ತಿಂಗಳು ಆ ಯಂತ್ರದ ಮುಂದೆ ಕೂತಿದ್ದೆ. ಆಗ ನೀವು ಎಲ್ಲಿದ್ದಿರಿ? ಮೇ ತಿಂಗಳ ಒಂದು ಮಧ್ಯಾಹ್ನ ಹೇಳದೆ ಕೇಳದೆ ಚೀಲ ಹೆಗಲಿಗೆ ಹಾಕಿಕೊಂಡು ಹೋದವರು ತಿರುಗಿ ಒಂದು ಕಾಗದವನ್ನೂ ಬರೆಯಲಿಲ್ಲ.

ಯಾರ ಹೆಸರು ಹಾಕಬೇಕು ಎಂಬುದನ್ನು ತೀರ್ಮಾನಿಸಿದವರು ಕೇದಾರಿ ಸರ್. ಅವರನ್ನೇ ಕೇಳಿ. ನೋಟ್‌ಬುಕ್ ಲ್ಯಾಬಿಗೆ ಸೇರಿದ್ದು, ನಿಮ್ಮ ಸ್ವಂತದ್ದಲ್ಲ.

ಇನ್ನೊಂದು ಮಾತು. ನಿಮ್ಮನ್ನು ಸರ್ಕಾರ ಓದಿಸಿತು. ಎಲ್ಲೋ ಒಂದು ಸೀಟು ನಿಮ್ಮಂಥವರಿಗೆ ಕಾದೇ ಇರುತ್ತದೆ. ನನಗೆ ಹಾಗಿಲ್ಲ. ಇಲ್ಲಿಯ ಡಿಗ್ರಿ ಕಾಲೇಜಿನಲ್ಲಿ ಪ್ರೊಬೇಷನ್ ಮೇಲೆ ಇದ್ದೇನೆ. ಕೆಲಸ ಕಾಯಂ ಆಗಲು ನನ್ನ ಕೈಯಲ್ಲಿರುವುದು ಈ ಒಂದು ಪ್ರಬಂಧ. ಅದಕ್ಕೆ ಮಸಿ ಬಳಿಯಲು ಬಂದರೆ ಸುಮ್ಮನಿರುವುದಿಲ್ಲ.

ತೇಜಸ ಬಾಹುಬಲಿ ಮಗದುಮ್


ಮೂಡಲಗಿ
29 ಜೂನ್ 2006

ತೇಜಸ ಅವರಿಗೆ,

'ನಿಮ್ಮಂಥವರಿಗೆ' ಎಂಬ ನಿಮ್ಮ ಶಬ್ದವನ್ನು ಮೂರು ಸಲ ಓದಿದೆ.

ನನ್ನ ಅಪ್ಪ ಯಲ್ಲಾರಿ, ಅವ್ವ ಉದ್ದವ್ವ, ಇಬ್ಬರೂ ಕುಲಗೋಡದಲ್ಲಿ ಮಂದಿಯ ಹೊಲದ ಕಬ್ಬು ಕಡಿದವರು. ಅದನ್ನು ನಾನು ಯಾರಿಂದಲೂ ಮುಚ್ಚಿಟ್ಟಿಲ್ಲ. ಎಂ.ಎಸ್ಸಿ.ಯಲ್ಲಿ ನನ್ನ ಹೆಸರು ಮೇಲಿತ್ತು, ನಿಮ್ಮದು ಅದರ ಕೆಳಗಿತ್ತು. ಆ ಪಟ್ಟಿಯನ್ನು ಇಲಾಖೆಯ ಗೋಡೆಗೆ ಹಚ್ಚಿದ್ದರು. ನೀವು ಅದರ ಮುಂದೆ ನಿಂತು ನೋಡಿದ್ದನ್ನು ನಾನು ನೋಡಿದ್ದೇನೆ. ಯಾವ ಸೀಟೂ ನನಗಾಗಿ ಕಾದಿರಲಿಲ್ಲ.

ಯಾಕೆ ಹೋದೆ ಎಂದು ಕೇಳಿದ್ದೀರಿ. ಕೇಳುವ ಧೈರ್ಯ ನಿಮಗೆ ಹೇಗೆ ಬಂತೋ. ಏಪ್ರಿಲ್ ಮೊದಲ ವಾರ ಕೇದಾರಿ ಸರ್ ನನ್ನನ್ನು ಕೋಣೆಗೆ ಕರೆದರು. "ತೇಜಸ ಹೇಳ್ಯಾನ, ನಿನ್ನ ಪುಡಿ ತಿರುಗಿ ಬರಾಕತ್ತಿಲ್ಲ ಅಂತ. ಫೋಟೋದಾಗಿಂದು ನೀ ಮಾಡಿದ್ದೋ, ಎಲ್ಲಿಂದರ ತಂದದ್ದೋ?" ಎಂದರು. "ನಾನ ಮಾಡೇನ್ರಿ ಸರ್" ಎಂದೆ. "ಹಂಗಾರ ಮತ್ತೊಮ್ಮೆ ಮಾಡಿ ತೋರಸು. ಇಲ್ಲಾಂದ್ರ ಮುಂದಿನ ತಿಂಗಳದಿಂದ ಬರಬ್ಯಾಡ" ಎಂದರು. ಮೂರು ಸಲ ಮಾಡಿದೆ. ಮೂರೂ ಸಲ ಗೋಲಿಗಳು ಕುಸಿದು ಹಿಟ್ಟಾದವು. ಮೇ ತಿಂಗಳಲ್ಲಿ ನಾನಾಗಿಯೇ ಹೊರಟೆ.

ನನ್ನನ್ನು ಮೋಸಗಾರ್ತಿ ಎಂದು ಸರ್ ಕಿವಿಗೆ ಹಾಕಿದವರು ನೀವು. ಆಮೇಲೆ ಅದೇ ಪುಡಿಯ ಮೇಲೆ ಪ್ರಬಂಧ ಬರೆದವರೂ ನೀವು. ಪುಡಿ ಸುಳ್ಳಾದರೆ ನಿಮ್ಮ ಪ್ರಬಂಧವೂ ಸುಳ್ಳು. ಪುಡಿ ಖರೆಯಾದರೆ ನಾನು ಮೋಸಗಾರ್ತಿಯಲ್ಲ. ಎರಡರಲ್ಲಿ ಯಾವುದು ಎಂದು ತಿಳಿಸಿ.

ಐದು ಸಲ ತಯಾರಿಸಿದಾಗಲೂ ಇದೇ ಫಲಿತಾಂಶ ಬಂತು ಎಂದು ಪ್ರಬಂಧದಲ್ಲಿ ಬರೆದಿದ್ದೀರಿ. ನನ್ನ ಕೈಗೆ ತಿರುಗಿ ಬಾರದ್ದು ನಿಮ್ಮ ಕೈಗೆ ಐದು ಸಲ ಹೇಗೆ ಬಂತು, ಅದನ್ನೂ ತಿಳಿಸಿ.

ತಿಂಗಳ ಗಡುವು ಬೇಡ. ಜರ್ನಲ್ಲಿಗೆ ಇವತ್ತೇ ಬರೆಯುತ್ತಿದ್ದೇನೆ.

ಶೀತಲ್


ಹುಕ್ಕೇರಿ
18 ಅಕ್ಟೋಬರ್ 2006

ಶೀತಲ್ ಅವರಿಗೆ,

ಕಾಲೇಜಿನ ಪರೀಕ್ಷೆ, ಮೌಲ್ಯಮಾಪನ ಎಂದು ನಿಮ್ಮ ಜೂನ್ ತಿಂಗಳ ಪತ್ರಕ್ಕೆ ಉತ್ತರಿಸಲು ಆಗಲಿಲ್ಲ. ನೀವು ಜರ್ನಲ್ಲಿಗೆ ಬರೆದದ್ದು ತಿಳಿಯಿತು. ಅವರು ಕೇದಾರಿ ಸರ್ ಅವರನ್ನು ವಿಚಾರಿಸಿದರಂತೆ. ಸರ್ ಏನು ಉತ್ತರ ಕೊಟ್ಟರೋ ನನಗೆ ತಿಳಿಯದು.

ಹಳೆಯದನ್ನು ಕೆದಕುವುದರಿಂದ ಇಬ್ಬರಿಗೂ ಲಾಭವಿಲ್ಲ. ಒಂದು ಸಣ್ಣ ವಿಷಯಕ್ಕಾಗಿ ಬರೆಯುತ್ತಿದ್ದೇನೆ. ಪುಣೆಯ ಒಂದು ಪ್ರಯೋಗಾಲಯದಲ್ಲಿ ಸ್ವಪ್ನಿಲ್ ಎಂಬ ಸಂಶೋಧಕರಿದ್ದಾರೆ. ನಮ್ಮ ಪ್ರಬಂಧ ಓದಿ ಅದೇ ಗೋಲಿಗಳನ್ನು ಮಾಡಲು ನೋಡುತ್ತಿದ್ದಾರೆ. ಅವರಿಗೆ ಗೋಲಿ ನಿಲ್ಲುತ್ತಿಲ್ಲವಂತೆ, ಭಟ್ಟಿಯಿಂದ ತೆಗೆದಾಗ ಬರೀ ಹಿಟ್ಟು ಸಿಗುತ್ತದಂತೆ. ವಿವರ ಕೇಳಿ ನನಗೂ ಸರ್‌ಗೂ ಎರಡು ಸಲ ಬರೆದಿದ್ದಾರೆ. ಉತ್ತರ ನೀನೇ ಕೊಡು ಎಂದು ಸರ್ ನನಗೆ ಬಿಟ್ಟಿದ್ದಾರೆ.

ಸಕ್ಕರೆ ಎಷ್ಟು, ಎಷ್ಟು ಸಲ ತೊಳೆದದ್ದು, ಕೋಬಾಲ್ಟ್ ನೀರಿನಲ್ಲಿ ಎಷ್ಟು ತಾಸು ನೆನೆಹಾಕಿದ್ದು, ಇದೆಲ್ಲ ನನ್ನ ಬಳಿ ಇದೆ. ಆದರೂ ಕೈಯಾರೆ ಮಾಡಿದವರಿಗೆ ನೆನಪಿರುವ ಸಣ್ಣಪುಟ್ಟ ಸಂಗತಿ ಬೇರೆಯೇ ಇರುತ್ತದೆ. ಅಂಥದ್ದು ಏನಾದರೂ ಇದ್ದರೆ ನಾಲ್ಕು ಸಾಲು ಬರೆಯಿರಿ. ಮುಂದಿನ ಪ್ರಬಂಧದಲ್ಲಿ ನಿಮ್ಮ ಹೆಸರು ಸೇರಿಸುವ ಬಗ್ಗೆ ಸರ್ ಹತ್ತಿರ ಮಾತಾಡುತ್ತೇನೆ.

ನಿಮ್ಮ ತಂದೆತಾಯಿಗೆ ನನ್ನ ನಮಸ್ಕಾರ ತಿಳಿಸಿ.

ತೇಜಸ


ಮೂಡಲಗಿ
27 ಅಕ್ಟೋಬರ್ 2006

ತೇಜಸ ಅವರಿಗೆ,

ಐದು ಸಲ ಮಾಡಿದವರು ಒಂದು ಸಲ ಮಾಡಿದವಳನ್ನು ಕೇಳುತ್ತಿದ್ದೀರಿ. ಈ ಸಾಲನ್ನು ಬರೆದು ಸ್ವಲ್ಪ ಹೊತ್ತು ನಕ್ಕೆ.

ಸರ್ ಏನು ಉತ್ತರ ಕೊಟ್ಟರು ಎಂದು ನಿಮಗೆ ತಿಳಿಯದಿದ್ದರೆ ನಾನು ತಿಳಿಸುತ್ತೇನೆ. ಜರ್ನಲ್ಲಿನವರು ಅದರ ಪ್ರತಿ ನನಗೆ ಕಳಿಸಿದ್ದಾರೆ. ಸುಳ್ಳು ಫಲಿತಾಂಶ ತೋರಿಸಿದ್ದಕ್ಕಾಗಿ ಈ ವಿದ್ಯಾರ್ಥಿನಿಯನ್ನು ಲ್ಯಾಬಿನಿಂದ ಕೈಬಿಡಲಾಯಿತು ಎಂದು ಬರೆದಿದ್ದಾರೆ. ಕೆಳಗೆ ಅವರ ಸಹಿಯಿದೆ. ಪಕ್ಕದಲ್ಲಿ ನಿಮ್ಮದೂ ಇದೆ. ತಿಳಿಯದೆ ಸಹಿ ಮಾಡುವ ಅಭ್ಯಾಸ ನಿಮಗೆ ಯಾವಾಗಿನಿಂದ?

ನನ್ನ ಅಪ್ಪ ಅವ್ವನಿಗೆ ನಿಮ್ಮ ನಮಸ್ಕಾರ ತಿಳಿಸುವುದಿಲ್ಲ.

ನೋಟ್‌ಬುಕ್ ಕಳಿಸಿ. ಅದು ಬರುವವರೆಗೆ ಒಂದಕ್ಷರವನ್ನೂ ಹೇಳುವುದಿಲ್ಲ. ಬಂದ ಮೇಲೂ ಹೇಳುತ್ತೇನೆಂದು ಮಾತು ಕೊಡುತ್ತಿಲ್ಲ. ಪುಣೆಯವರಿಗೆ ನೀವೇ ಉತ್ತರ ಬರೆದುಕೊಳ್ಳಿ.

ಶೀತಲ್


ಹುಕ್ಕೇರಿ
3 ಜನವರಿ 2007

ಶೀತಲ್,

ನೋಟ್‌ಬುಕ್, ನೋಟ್‌ಬುಕ್ ಎಂದು ಯಾಕೆ ಕುಣಿಯುತ್ತಿ? ಏನಿದೆ ಅದರಲ್ಲಿ? ಆರು ಸಲ ಓದಿದ್ದೇನೆ. ಪುಟಪುಟಕ್ಕೂ ಕರೆಂಟ್ ಹೋಯಿತು, ಕರೆಂಟ್ ಬಂತು, ಮತ್ತೆ ಹೋಯಿತು. ಸಂಶೋಧನೆಯ ನೋಟ್‌ಬುಕ್ಕೋ, ವಿದ್ಯುತ್ ಇಲಾಖೆಗೆ ಬರೆದ ತಕರಾರಿನ ಅರ್ಜಿಯೋ? ನಿನ್ನ ಆಲಸ್ಯಕ್ಕೆ ನೆಪ ಬರೆದಿಟ್ಟದ್ದು ಬಿಟ್ಟರೆ ಅದರಲ್ಲಿ ಬೇರೆ ಏನೂ ಇಲ್ಲ.

ನಿನಗೆ ಖರೆ ಬೇಕಲ್ಲ, ತಗೋ. ಐದು ಸಲ ಮಾಡಿಲ್ಲ. ಒಂದು ಸಲವೂ ಮಾಡಲು ಆಗಿಲ್ಲ. ನನ್ನ ಮೇಜಿನ ಮೇಲೆ ನಿನ್ನ ಶೀ-17ರ ಒಂದೇ ಸೀಸೆ ಇತ್ತು. ಅದನ್ನು ಐದು ಪಾಲು ಮಾಡಿ ಅಳೆದೆ. ಸರ್ "ಐದ ಸಲ ಅಂತ ಬರಿ" ಎಂದರು, ಬರೆದೆ. ಈಗ ಪುಣೆಯವರು ಪುಡಿಯನ್ನೇ ಕಳಿಸಿ ಎನ್ನುತ್ತಿದ್ದಾರೆ, ಚಿಟಿಕೆಯಷ್ಟೂ ಉಳಿದಿಲ್ಲ.

ಸರ್ ಕಿವಿಗೆ ಹಾಕಿದೆ ಎನ್ನುತ್ತೀಯಲ್ಲ. "ತಿರುಗಿ ಬರಾಕತ್ತಿಲ್ಲ" ಎಂದಷ್ಟೇ ಹೇಳಿದೆ. ಅದು ಸುಳ್ಳಾ? ಮೋಸ ಎಂಬ ಶಬ್ದ ನನ್ನ ಬಾಯಲ್ಲಿ ಬಂದಿಲ್ಲ. ಅದನ್ನು ಹುಟ್ಟಿಸಿದವರು ಅವರು. ನಾನು ಅದನ್ನು ಅಲ್ಲಗಳೆಯಲಿಲ್ಲ, ಅಷ್ಟು ಮಾತ್ರ ನನ್ನ ತಪ್ಪು.

ಈಗ ನನ್ನ ಪ್ರಶ್ನೆ. ಶೀ-17ರ ಐದು ಸೀಸೆಗಳಿದ್ದವು. ನಾಲ್ಕು ನಿನ್ನ ಕಪಾಟಿನಲ್ಲಿದ್ದವು. ನೀನು ಹೋದ ದಿನವೇ ಆ ನಾಲ್ಕೂ ಮಾಯವಾದವು. ಸರ್ ಎಲ್ಲರನ್ನೂ ಕೇಳಿದರು. ಕಪಾಟಿನ ಕೀಲಿ ಇದ್ದದ್ದು ನಿನ್ನ ಬಳಿ, ಮತ್ತೆ ಲ್ಯಾಬ್ ಅಟೆಂಡರ್ ಮಾಳಪ್ಪನ ಬಳಿ. ನಿನ್ನ ಬಳಿ ಇದ್ದದ್ದು ಸರ್‌ಗೆ ಗೊತ್ತಿರಲಿಲ್ಲ, ನೀನು ಊರಲ್ಲೂ ಇರಲಿಲ್ಲ. ಮಾಳಪ್ಪ ಬಾಯಿ ಬಿಡಲಿಲ್ಲ. ಕೋಬಾಲ್ಟಿನ ಪುಡಿ ಕದ್ದು ಮಾರಿದ ಎಂದು ಹದಿನಾಲ್ಕು ವರ್ಷ ದಿನಗೂಲಿಯ ಮೇಲೆ ದುಡಿದವನನ್ನು ಹದಿನೈದೇ ದಿನದಲ್ಲಿ ಹೊರಗೆ ಹಾಕಿದರು. ಅವನು ತನ್ನ ಊರು ಗೋಕಾಕಕ್ಕೆ ಹೋದ.

ಆ ಸೀಸೆಗಳನ್ನು ಏನು ಮಾಡಿದೆ, ಹೇಳು. ಅವು ಇದ್ದಿದ್ದರೆ ಇವತ್ತು ಪುಣೆಗೆ ಕಳಿಸಿ ಮಾನ ಉಳಿಸಿಕೊಳ್ಳುತ್ತಿದ್ದೆ.

ತೇಜಸ


ಮೂಡಲಗಿ
20 ಏಪ್ರಿಲ್ 2007

ತೇಜಸ ಅವರಿಗೆ,

ನಿಮ್ಮ ಪತ್ರ ಬಂದು ಮೂರೂವರೆ ತಿಂಗಳಾಯಿತು. ಅದರಲ್ಲಿ ನೀವು 'ನೀನು' ಎಂದು ಏಕವಚನಕ್ಕೆ ಇಳಿದಿದ್ದೀರಿ. ನಾನು ಇಳಿಯುವುದಿಲ್ಲ.

ಮೊದಲು ನನ್ನ ಪಾಲಿನದು. ನಾಲ್ಕು ಸೀಸೆಗಳನ್ನೂ ಸಿಂಕಿನಲ್ಲಿ ಸುರಿದು ನಳ ಬಿಟ್ಟವಳು ನಾನು. ಮೋಸಗಾರ್ತಿಯ ಮಾಲು ಇವರಿಗೆ ಯಾಕೆ ಎನಿಸಿತ್ತು. ನಿಮ್ಮ ಮೇಜಿನ ಮೇಲೆ ಐದನೆಯದು ಇದೆಯೆಂದು ನೆನಪಿದ್ದರೆ ಅದನ್ನೂ ಸುರಿಯುತ್ತಿದ್ದೆ. ಈ ಮಾತನ್ನು ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ಮಾಳಪ್ಪಣ್ಣನ ಸಂಗತಿ ನನಗೆ ಗೊತ್ತಿರಲಿಲ್ಲ. ಇದು ನೆಪವಲ್ಲ, ಗೊತ್ತಿರಲಿಲ್ಲ ಅಷ್ಟೇ. ನಿಮಗೆ ಗೊತ್ತಿತ್ತು. ಸೀಸೆಗಳ ಬಗ್ಗೆ ನಿಮ್ಮ ಗುಮಾನಿ ನನ್ನ ಮೇಲಿತ್ತು. ಆದರೂ ಆ ಮನುಷ್ಯ ಹೊರಗೆ ಹೋಗುವಾಗ ನೀವು ಸುಮ್ಮನೆ ನಿಂತು ನೋಡಿದಿರಿ.

ಈಗ ಪುಡಿಯ ವಿಷಯ. ನೋಟ್‌ಬುಕ್ಕನ್ನು ಬೈಯಲು ಹೋಗಿ ನೀವೇ ಉತ್ತರ ಬರೆದು ಕಳಿಸಿದ್ದೀರಿ. ಪುಟಪುಟಕ್ಕೂ ಕರೆಂಟ್ ಹೋಯಿತು ಎಂಬ ಸಾಲನ್ನು ಓದಿದಾಗ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೂತಿದ್ದೆ. ಪಾಠಕ್ಕೆ ಗಂಟೆ ಹೊಡೆದದ್ದೂ ಕೇಳಲಿಲ್ಲ.

ಶೀ-17ರ ಗೋಲಿಗಳನ್ನೆಲ್ಲ ಒಂದೇ ಸಲ ನೆನೆಹಾಕಿ, ಸ್ವಲ್ಪ ಸ್ವಲ್ಪವಾಗಿ ಭಟ್ಟಿಗೆ ಇಟ್ಟದ್ದು ಜನವರಿ, ಫೆಬ್ರವರಿಯಲ್ಲಿ. ಆಗ ದಿನಾ ಲೋಡ್ ಶೆಡ್ಡಿಂಗ್ ಇತ್ತು. ಭಟ್ಟಿ ಮುನ್ನೂರು ಡಿಗ್ರಿ ಮುಟ್ಟುವಷ್ಟರಲ್ಲಿ ಕರೆಂಟ್ ಹೋಗುತ್ತಿತ್ತು. ಇಟ್ಟಿಗೆಯ ಭಟ್ಟಿ ಬೇಗ ಆರುವುದಿಲ್ಲ, ಬಾಗಿಲು ತೆರೆಯದೆ ಹಾಗೇ ಬಿಡುತ್ತಿದ್ದೆ. ತಾಸು, ಒಂದೂವರೆ ತಾಸಿಗೆ ಕರೆಂಟ್ ಬಂದಾಗ ತಿರುಗಿ ಏರುತ್ತಿತ್ತು. ಒಳಗಿನ ಇದ್ದಿಲು ಒಮ್ಮೆಲೇ ಉರಿಯದೆ ನಿಧಾನವಾಗಿ ಹೋಗುತ್ತಿತ್ತು, ಸಿಪ್ಪೆ ಗಟ್ಟಿಯಾಗಲು ಸಮಯ ಸಿಗುತ್ತಿತ್ತು. ಮಾರ್ಚ್, ಏಪ್ರಿಲ್ ಪರೀಕ್ಷೆಯ ತಿಂಗಳು, ಕರೆಂಟ್ ತೆಗೆಯಲಿಲ್ಲ. ಭಟ್ಟಿ ಅರ್ಧ ತಾಸಿನಲ್ಲಿ ಐನೂರು ಮುಟ್ಟಿತು, ಇದ್ದಿಲು ಭಗ್ಗೆಂದು ಉರಿದು ಗೋಲಿ ಕುಸಿಯಿತು. ನನಗೂ ಹಾಗೇ ಆಯಿತು, ನಿಮಗೂ, ಪುಣೆಯವರಿಗೂ.

ಇದು ಬರೀ ಊಹೆಯಲ್ಲ. ಗೋಕಾಕದ ಲೇತ್ ಅಂಗಡಿಯ ಸಾತಪ್ಪ ಉಕ್ಕಿನ ಡಬ್ಬಿ ಮಾಡಿಕೊಟ್ಟರು. ಅರಭಾವಿಯ ತೋಟಗಾರಿಕೆ ಕಾಲೇಜಿನಲ್ಲಿ ನನ್ನ ಗೆಳತಿ ಆರತಿ ಇದ್ದಾಳೆ. ಎಲೆ ಸುಟ್ಟು ಬೂದಿ ಪರೀಕ್ಷಿಸುವ ಭಟ್ಟಿ ಅಲ್ಲಿದೆ, ಭಾನುವಾರ ಬಳಸಲು ಒಪ್ಪಿಗೆ ಕೊಡಿಸಿದಳು. ಏಳು ಭಾನುವಾರ ಬಸ್ಸು ಹತ್ತಿ ಹೋದೆ. ಕರೆಂಟ್ ಹೋಗುವ ದಾರಿ ನೋಡಲಿಲ್ಲ. ಮುನ್ನೂರರಲ್ಲಿ ನಾನೇ ಸ್ವಿಚ್ ತೆಗೆದು, ತಾಸು ಬಿಟ್ಟು ತಿರುಗಿ ಹಾಕಿದೆ. ಮೂರು ಸಲದ ಪುಡಿಯನ್ನು ಬೇರೆ ಬೇರೆ ಕಟ್ಟಿ, ನನ್ನ ಹೆಸರಿನಲ್ಲಿ ಸ್ವಪ್ನಿಲ್ ಅವರಿಗೆ ಕಳಿಸಿದೆ. ನಿನ್ನೆ ಫೋಟೋಗಳು ಬಂದವು. ಮೂರೂ ಸಲದ ಗೋಲಿಗಳು ಟೊಳ್ಳಾಗಿವೆ.

ಈಗ ನೀವು ಮಾಡಬೇಕಾದದ್ದು ಒಂದೇ ಕೆಲಸ. ಜರ್ನಲ್ಲಿಗೆ ನಿಜ ಬರೆಯಿರಿ. ನೀವು ಬರೆಯದಿದ್ದರೆ ನಿಮ್ಮ ಜನವರಿಯ ಪತ್ರವನ್ನೇ ಕಳಿಸುತ್ತೇನೆ. ಒಂದೇ ಸೀಸೆ ಎಂದು ನಿಮ್ಮ ಕೈಯಾರೆ ಬರೆದುಕೊಟ್ಟಿದ್ದೀರಿ.

ಶೀತಲ್


ಹುಕ್ಕೇರಿ
2 ಜೂನ್ 2007

ಶೀತಲ್ ಅವರಿಗೆ,

ನಿಮ್ಮ ಬೆದರಿಕೆ ಬೇಕಿರಲಿಲ್ಲ. ಬೆದರಿಕೆಗೆ ಬರೆದೆನೋ, ನಾನಾಗಿಯೇ ಬರೆದೆನೋ ಎಂದು ಇನ್ನು ನನಗೂ ತಿಳಿಯುವುದಿಲ್ಲ, ನಿಮಗೂ ತಿಳಿಯುವುದಿಲ್ಲ. ಅದೊಂದು ಕಾರಣಕ್ಕೇ ನಿಮ್ಮ ಮೇಲೆ ಸಿಟ್ಟಿದೆ.

ಜರ್ನಲ್ಲಿಗೆ ಬರೆದ ಪತ್ರದ ನಕಲು ಜೊತೆಗಿದೆ. ಪುಡಿ ಮಾಡಿದವರು ಶೀತಲ್, ಅಳತೆ ಮಾಡಿದ್ದು ಒಂದೇ ಸೀಸೆಯ ಮೇಲೆ, ಐದು ಸಲ ಎಂಬುದು ಸುಳ್ಳು, ಸುಳ್ಳು ಫಲಿತಾಂಶ ಎಂದು ನಿಮ್ಮ ಮೇಲೆ ಹೊರಿಸಿದ ಮಾತಿಗೆ ಆಧಾರವಿಲ್ಲ ಎಂದು ಬರೆದಿದ್ದೇನೆ. ಸರ್ ಸಹಿ ಹಾಕಲಿಲ್ಲ. "ನಿನ್ನ ಗೋರಿ ನೀ ತೋಡ್ಕೊ, ನನ್ನ ಕರಿಬ್ಯಾಡ" ಎಂದರು. ಒಬ್ಬನೇ ಸಹಿ ಹಾಕಿ ಕಳಿಸಿದೆ. ಪ್ರಬಂಧವನ್ನು ಹಿಂದಕ್ಕೆ ತೆಗೆದುಕೊಂಡಿದ್ದಾರೆ.

ಆ ಸುದ್ದಿ ಕಾಲೇಜಿನ ಆಡಳಿತ ಮಂಡಳಿಗೆ ಮುಟ್ಟಿತು. ಪ್ರೊಬೇಷನ್ ಮುಂದುವರಿಸಲಿಲ್ಲ. ಈಗ ಅಪ್ಪನ ಬಟ್ಟೆ ಅಂಗಡಿಯಲ್ಲಿ ಕೂರುತ್ತೇನೆ. ಸೀರೆ ಮಡಚುತ್ತೇನೆ. ಪಾಠ ಕೇಳಿದ ಹುಡುಗಿಯರು ತಾಯಂದಿರ ಜೊತೆ ಬಂದು, ನಮಸ್ಕಾರ ಹೇಳಬೇಕೋ ಬೇಡವೋ ಎಂದು ಬಾಗಿಲಲ್ಲೇ ನಿಲ್ಲುತ್ತಾರೆ. ನಿಮಗೆ ಸಮಾಧಾನವಾಯಿತೇ?

'ನಿಮ್ಮಂಥವರಿಗೆ' ಎಂದು ಬರೆದವನು ನಾನೇ. ಅದನ್ನು ಸಿಟ್ಟಿನಲ್ಲಿ ಬರೆದದ್ದಲ್ಲ, ಯೋಚಿಸಿ ಬರೆದದ್ದು. ಎಲ್ಲಿ ನೋಯುತ್ತದೆ ಎಂದು ಗೊತ್ತಿತ್ತು. ಕ್ಷಮೆ ಕೇಳಿದರೆ ನೀವು ಅದನ್ನೂ ನಕಲು ತೆಗೆಸಿ ಎಲ್ಲಿಗಾದರೂ ಕಳಿಸುತ್ತೀರಿ. ಕಳಿಸಿರಿ. ಕೇಳುತ್ತಿದ್ದೇನೆ.

ನೋಟ್‌ಬುಕ್ ಬೇರೆ ಅಂಚೆಯಲ್ಲಿ ಬರುತ್ತದೆ.

ನಾನು ಕಳೆದುಕೊಳ್ಳಬೇಕಾದದ್ದನ್ನು ಕಳೆದುಕೊಂಡೆ. ನಿಮ್ಮದು ಇನ್ನೂ ಬಾಕಿ ಇದೆ. ಏಪ್ರಿಲ್‌ನಲ್ಲಿ ನನ್ನನ್ನು ಸುಮ್ಮನೆ ನಿಂತು ನೋಡಿದವನು ಎಂದಿರಿ. ಜನವರಿಯಿಂದ ನಿಮಗೂ ಗೊತ್ತಿದೆ. ಅರಭಾವಿಗೆ ಏಳು ಸಲ ಹೋದಿರಿ, ಗೋಕಾಕದ ಲೇತ್ ಅಂಗಡಿಗೂ ಹೋದಿರಿ. ಅದೇ ಗೋಕಾಕದಲ್ಲಿರುವ ಮಾಳಪ್ಪನ ಮನೆಗೆ ಎಷ್ಟು ಸಲ ಹೋದಿರಿ?

ತೇಜಸ


ಮೂಡಲಗಿ
19 ಆಗಸ್ಟ್ 2007

ತೇಜಸ ಅವರಿಗೆ,

ಒಂದು ಸಲವೂ ಹೋಗಿರಲಿಲ್ಲ. ನಿಮ್ಮ ಪತ್ರ ಬಂದ ಮೇಲೂ ಎರಡು ತಿಂಗಳು ಹೋಗಲಿಲ್ಲ. ಕಳೆದ ಭಾನುವಾರ ಹೋದೆ.

ಮಾಳಪ್ಪಣ್ಣ ಗೋಕಾಕದಲ್ಲಿ ಮದುವೆ ನಡೆಯುವ ಒಂದು ಮಂಗಲ ಕಾರ್ಯಾಲಯದಲ್ಲಿ ವಾಚ್‌ಮನ್ ಆಗಿದ್ದಾರೆ. ಮನೆ ಅದರ ಹಿಂದೆಯೇ, ಒಂದು ಕೋಣೆ. ಅವರ ಹೆಂಡತಿ ಗುಡ್ಡವ್ವ ಹೊಸ್ತಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದರು. ಹೆಸರು ಹೇಳಿದೆ. ಮೊರದಿಂದ ತಲೆ ಎತ್ತಲಿಲ್ಲ. ಒಳಗಿನಿಂದ ಮಾಳಪ್ಪಣ್ಣ ಬಂದು, "ಶೀತಲಕ್ಕಾರ, ಬರ್ರಿ" ಎಂದು ಚಾಪೆ ಹಾಸಿದರು.

ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಬಿಟ್ಟು, "ಮಾಳಪ್ಪಣ್ಣಾ, ಆ ನಾಕೂ ಸೀಸೆ ಚೆಲ್ಲಿದಾಕಿ ನಾನು" ಎಂದೆ.

ಅವರು ಏನೂ ಬೆರಗಾಗಲಿಲ್ಲ. "ಗೊತ್ತೈತ್ರಿ" ಎಂದರು. "ಸಿಂಕ್ ತಿಕ್ಕಿದಾಂವ ನಾನ. ಕರೇ ಪುಡಿ ಮೋರ್ಯಾಗ ನಿಂತಿತ್ತು. ಬೆರಳಿಗಿ ಹತ್ತಿದ್ದು ಎರಡ ದಿನಾ ಹೋಗ್ಲಿಲ್ಲ."

"ಮತ್ತ ಸರ್ ಮುಂದ ಯಾಕ ಹೇಳ್ಲಿಲ್ಲ?" ಎಂದು ಕೇಳಿದೆ.

"ಹೇಳಿದ್ರ ನಿಮ್ಮ ಮ್ಯಾಲೆ ಕೇಸ್ ಹಾಕ್ತಿದ್ರು. ಕೂಲಿ ಮಂದಿ ಮಗಳು, ಅಷ್ಟ ಓದೇರಿ. ಒಂದ ವಾರ ಆದ ಮ್ಯಾಲೆ ಸಿಟ್ಟ ಇಳೀತೈತಿ, ತಾನ ಬಂದು ಹೇಳ್ತಾಳ ಅಂತ ಸುಮ್ಮ ಕುಂತೆ. ದಿನಾ ಗೇಟಿನ ಕಡಿ ನೋಡ್ತಿದ್ದೆ. ನೀವು ಬರ್ಲಿಲ್ಲ."

ಗುಡ್ಡವ್ವ ಹೊಸ್ತಿಲಿಂದಲೇ, ತಿರುಗದೆ ಹೇಳಿದರು. "ಹದಿನಾಕ ವರ್ಷದ ಕೆಲಸ. ಕಳ್ಳ ಅಂತ ಹೆಸರ ತಗೊಂಡ ಬಂದ್ರು. ನಮ್ಮ ಮಗಳಿಗಿ ಬಂದ ಸಂಬಂಧ ಅದಕ್ಕ ತಿರುಗಿ ಹೋತು. ನಿಮ್ಮ ಸಿಟ್ಟ ಇಳ್ಯಾಕ ಮೂರು ವರ್ಷ ಹಿಡೀತೇನ್ರಿ?"

ಇಷ್ಟು ದಿನ ನನಗೆ ಅನ್ಯಾಯವಾಯಿತು ಎಂದು ಊರಿಗೆಲ್ಲ ಬರೆದೆ. ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಆದರೆ ಆ ಚಾಪೆಯ ಮೇಲೆ ಕೂತಾಗ ಅದು ಯಾವುದೂ ನೆನಪಿಗೆ ಬರಲಿಲ್ಲ.

ವಿಶ್ವವಿದ್ಯಾಲಯಕ್ಕೆ ಒಂದು ಅರ್ಜಿ ಬರೆದಿದ್ದೇನೆ. ಸೀಸೆ ಚೆಲ್ಲಿದವಳು ನಾನು, ಮಾಳಪ್ಪಣ್ಣ ನಿರಪರಾಧಿ ಎಂದಿದೆ. ಕಪಾಟಿನ ಎರಡನೆಯ ಕೀಲಿ ನನ್ನ ಬಳಿ ಇತ್ತೆಂದು ಹೇಳಬಲ್ಲ ಸಾಕ್ಷಿ ನೀವೊಬ್ಬರೇ. ಗೊತ್ತಿದ್ದೂ ಸುಮ್ಮನಿದ್ದೆ ಎಂಬ ಸಾಲನ್ನು ನಿಮ್ಮ ಕೈಯಾರೆ ಸೇರಿಸಬೇಕು. ಆಗಸ್ಟ್ 27ರ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಗೋಕಾಕದ ಕೋರ್ಟಿನ ಎದುರು, ಅಲ್ಲಪ್ಪ ಎಂಬ ನೋಟರಿಯ ಕೋಣೆಗೆ ಬನ್ನಿ. ಮಾಳಪ್ಪಣ್ಣನೂ ಬರುತ್ತಾರೆ. ನನ್ನ ಜೊತೆ ಮಾತಾಡುವ ಅಗತ್ಯವಿಲ್ಲ.

ಶೀತಲ್


ಹುಕ್ಕೇರಿ
22 ಆಗಸ್ಟ್ 2007

ಶೀತಲ್ ಅವರಿಗೆ,

ಬರುತ್ತೇನೆ. ನಿಮಗಾಗಿ ಅಲ್ಲ.

ತೇಜಸ


ಮೂಡಲಗಿ
6 ಮಾರ್ಚ್ 2008

ತೇಜಸ ಅವರಿಗೆ,

ವಿಶ್ವವಿದ್ಯಾಲಯದ ಉತ್ತರ ಬಂದಿದೆ, ನಕಲು ಕಳಿಸುತ್ತಿದ್ದೇನೆ. ಕಳವಿನ ಆರೋಪಕ್ಕೆ ಆಧಾರವಿಲ್ಲ, ಅದನ್ನು ದಾಖಲೆಯಿಂದ ತೆಗೆದಿದ್ದೇವೆ ಎಂದಿದ್ದಾರೆ. ದಿನಗೂಲಿ ನೌಕರನಾದ್ದರಿಂದ ಕೆಲಸ ತಿರುಗಿ ಕೊಡಲು ಬರುವುದಿಲ್ಲವಂತೆ. ಅದರ ಮೇಲೆ ಮೇಲ್ಮನವಿ ಹಾಕಿದ್ದೇನೆ. ನನ್ನ ತಪ್ಪೊಪ್ಪಿಗೆಯನ್ನು ನಮ್ಮ ಕಾಲೇಜಿಗೂ ಕಳಿಸಿದ್ದರು. ಪ್ರಿನ್ಸಿಪಾಲರು ಕರೆದು ಲಿಖಿತ ಎಚ್ಚರಿಕೆ ಕೊಟ್ಟರು. ಕೆಲಸ ಉಳಿದಿದೆ.

ಮಾಳಪ್ಪಣ್ಣ ಕಾಗದವನ್ನು ಎರಡು ಸಲ ಓದಿಸಿಕೊಂಡರು. ಆಮೇಲೆ ಗುಡ್ಡವ್ವ ಅದನ್ನು ಕೈಗೆ ತೆಗೆದುಕೊಂಡು, "ಇದನ್ನ ಆ ಸಂಬಂಧದವ್ರ ಮನಿಗಿ ಒಯ್ದು ತೋರಸ್ತೇನಿ. ಅವ್ರ ಮನಿ ನಮಗ ಬ್ಯಾಡ, ಆದ್ರೂ ತೋರಸ್ತೇನಿ" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟರು. ನನ್ನ ಕಡೆ ಅವರು ಈಗಲೂ ನೋಡುವುದಿಲ್ಲ.

ನೋಟರಿಯ ಕೋಣೆಯಲ್ಲಿ ನೀವು ಮಾಳಪ್ಪಣ್ಣನ ಎದುರು ಕೂತು, ಬರೆದದ್ದನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ ಹೇಳಿದಿರಿ. ಓದಿ ಹೇಳಿ ಎಂದು ಯಾರೂ ಕೇಳಿರಲಿಲ್ಲ. ಅದನ್ನು ಗಮನಿಸಿದೆ. ಕ್ಷಮಿಸಿದೆ ಎಂದು ತಿಳಿಯಬೇಡಿ. ನಿಮ್ಮ ಪತ್ರಗಳನ್ನು ಮೊನ್ನೆ ತಿರುಗಿ ಓದಿದೆ, ಸಿಟ್ಟು ಮೊದಲಿನಷ್ಟೇ ಬಂತು.

ಪುಣೆಯವರ ಜೊತೆ ಬರೆದ ಹೊಸ ಪ್ರಬಂಧ ಜರ್ನಲ್ಲಿಗೆ ಹೋಗಿದೆ. ನನ್ನ ಪುಡಿಯನ್ನು ಅವರು ತಮ್ಮ ಯಂತ್ರದಲ್ಲಿ ಹೊಸದಾಗಿ ಅಳೆದರು. ಸಾವಿರ ಸಲ ಚಾರ್ಜ್ ಮಾಡಿ, ಸಾವಿರ ಸಲ ಖಾಲಿ ಮಾಡಿದರು. ನೀವು ಆ ಒಂದು ಸೀಸೆಯಿಂದ ತೆಗೆದ ಅಂಕಿಗಳೇ ಬಂದವು. ಎಲ್ಲಿಯೂ ನೀವು ಕೂಡಿಸಿಲ್ಲ, ಕಳೆದಿಲ್ಲ. ಹಾಗಾಗಿ ಎರಡನೆಯ ಹೆಸರು ನಿಮ್ಮದು. ಬೇಡವೆಂದು ಸ್ವಪ್ನಿಲ್ ಅವರಿಗೆ ಬರೆಯಲು ಹೋಗಬೇಡಿ. ಅಳತೆ ಸರಿಯಾಗಿದೆ, ಅಳೆದವರ ಹೆಸರು ಇರಬೇಕು. ಅವರ ಮೇಲೆ ನನಗೆ ಎಷ್ಟು ಸಿಟ್ಟಿದೆ ಎಂಬುದನ್ನು ಜರ್ನಲ್ಲಿನವರು ಕೇಳುವುದಿಲ್ಲ.

ಜೊತೆಗಿರುವ ಫಾರಂ ಮೇಲೆ ಗುರುತು ಮಾಡಿದ ಕಡೆ ಸಹಿ ಹಾಕಿ, ಪುಣೆಗೆ ನೇರವಾಗಿ ಕಳಿಸಿ.

ಶೀತಲ್ ಯಲ್ಲಾರಿ